ಜರ್ಮನಿಯ ಕಾಗೆಗೊಂದು ಪಿಂಡ

ಪಂಚಾಂಗ ನೋಡುವುದರಲ್ಲಿ ಇಡೀ ಜಯನಗರದಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ನಾನು ಗಾಢವಾಗಿ ನಂಬಿದ್ದೆ. ಅಕ್ಕಪಕ್ಕದವರ ಗೃಹಪ್ರವೇಶ, ನಾಮಕರಣಗಳಿಗೆ ಅವರು ಕೇಳದಿದ್ದರೂ ದಿನ ಇಟ್ಟುಕೊಟ್ಟವನು. ಅಂಥ ಮಹಾಪಂಡಿತ ಸ್ವಂತ ಹೆಂಡತಿಯ ತಿಥಿಯ ದಿನ ಎಲ್ಲಿದ್ದ? ಜರ್ಮನಿಯಲ್ಲಿ!

ನನ್ನ ವಸಂತ ಹೋದದ್ದು ಎರಡು ವರ್ಷದ ಹಿಂದೆ, ಡಿಸೆಂಬರ್ ಕೊನೆಯಲ್ಲಿ. ಅವಳಿಗೆ ಇದ್ದ ಆಸೆ ಒಂದೇ, ಹಿಮ ಬೀಳುವುದನ್ನು ಕಣ್ಣಾರೆ ನೋಡಬೇಕು. "ಮುಂದಿನ ವರ್ಷ ಹೋಗೋಣ ಕಣೇ" ಎಂದು ಇಪ್ಪತ್ತೆಂಟು ವರ್ಷ ಹೇಳಿದೆ. ಒಂದು ವರ್ಷ ಮನೆಗೆ ಸುಣ್ಣಬಣ್ಣ, ಒಂದು ವರ್ಷ ನನ್ನ ಪ್ರಮೋಷನ್, ಮಿಕ್ಕ ವರ್ಷ ಬರೀ ಸೋಮಾರಿತನ. ಅವಳಿಲ್ಲದ ಮೇಲೆ, ಅವಳ ಪರವಾಗಿ ನಾನಾದರೂ ನೋಡಿ ಬರೋಣವೆಂದು ಅವಳ ತಮ್ಮ ನಾಗರಾಜನನ್ನು ಕಟ್ಟಿಕೊಂಡು ಜರ್ಮನಿಗೆ ಹಾರಿ ಒಂದು ಟೂರ್ ಬಸ್ಸು ಹತ್ತಿದೆ. ಕ್ರಿಸ್‌ಮಸ್‌ಗೆ ಮೊದಲೇ ವಾಪಸ್ಸು, ಆಮೇಲೆ ನಿಧಾನವಾಗಿ ಶ್ರಾದ್ಧ. ಏನು ಪ್ಲಾನು, ಏನು ಪ್ಲಾನು!

ಮೂರನೆಯ ದಿನ ಬೆಳಗ್ಗೆ ಹೋಟೆಲಿನಲ್ಲಿ ನಾಗರಾಜ ರಾಹುಕಾಲ ನೋಡಲು ಜೇಬಿನಿಂದ ಪಂಚಾಂಗ ತೆಗೆದ. ಜರ್ಮನಿಯಲ್ಲೂ ಅವನಿಗೆ ರಾಹುಕಾಲ ಬೇಕು.

"ಭಾವ, ಇವತ್ತು ಅಕ್ಕನ ತಿಥಿ ಅಲ್ವಾ?"

"ಇನ್ನೂ ಮೂರು ವಾರ ಇದೆಯಲ್ಲೋ."

"ಅದು ಇಂಗ್ಲಿಷ್ ತಾರೀಖು ಭಾವ! ತಿಥಿ ಇವತ್ತೇ!"

ಪಂಚಾಂಗ ಕಿತ್ತುಕೊಂಡು ನೋಡಿದೆ. ಹೌದು, ಇವತ್ತೇ! ಊರಿಗೆಲ್ಲ ಪಂಚಾಂಗ ಹೇಳಿದವನು ಅವಳ ವಿಷಯಕ್ಕೆ ಮಾತ್ರ ಬ್ಯಾಂಕಿನ ಕ್ಯಾಲೆಂಡರ್ ನೋಡಿದ್ದೆ.

ಇನ್ನೇನಿಲ್ಲದಿದ್ದರೂ ಕಾಗೆಗೆ ಒಂದು ಪಿಂಡ ಇಡಲೇಬೇಕು. ಅದು ಮುಟ್ಟಿದರೆ ಹೋದವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಟೂರಿನ ಅಡುಗೆಯವರು ಅನ್ನ ಕೊಟ್ಟರು. ತಿಂಡಿಯ ಬ್ರೆಡ್ಡಿನ ಮೇಲಿದ್ದ ಕಪ್ಪು ಕಾಳನ್ನು ಎಳ್ಳೆಂದು ಕೆರೆದುಕೊಂಡೆವು. ಗಸಗಸೆ ಎಂದು ಆಮೇಲೆ ತಿಳಿಯಿತು! ದರ್ಭೆಗೆ ಏನು ಮಾಡುವುದು? ನಾಗರಾಜ ಹೋಟೆಲಿನ ಕ್ರಿಸ್‌ಮಸ್ ಮರದಿಂದ ನಾಲ್ಕು ಎಸಳು ಕಿತ್ತು ತಂದ.

ಊರ ಚೌಕದಲ್ಲಿ ಕ್ರಿಸ್‌ಮಸ್ ಸಂತೆ. ಎಲ್ಲೆಲ್ಲೂ ದೀಪ, ಹಾಡು, ಬಿಸಿ ತಿಂಡಿಯ ಘಮ. ನಾನು ಖಾಲಿ ಹೊಟ್ಟೆಯಲ್ಲಿ ನಿಂತು, ಮೂರು ಸ್ವೆಟರಿನೊಳಗೆ ಕೈತೂರಿ ಜನಿವಾರ ಬಲಕ್ಕೆ ಹಾಕಿಕೊಂಡು, ಕಲ್ಲುಬೆಂಚಿನ ಮೇಲೆ ಪಿಂಡ ಇಟ್ಟು ಕೂಗಿದೆ.

"ಕಾ! ಕಾ!"

ಪಾರಿವಾಳ ಬಂದವು. ಓಡಿಸಿದೆ. ಒಂದು ನಾಯಿ ಬಂತು. ಅದನ್ನು ನಾಗರಾಜ ಓಡಿಸಿದ. ಅರ್ಧ ಗಂಟೆಯಾದರೂ ಕಾಗೆಯ ಸುಳಿವಿಲ್ಲ. ಬಸ್ಸು ಹೊರಡುವ ಹೊತ್ತಾಯಿತೆಂದು ಕರೆಯಲು ಬಂದ ಸಹಪ್ರಯಾಣಿಕರೂ ವಿಷಯ ತಿಳಿದು ಕೂಗತೊಡಗಿದರು. ನಲವತ್ತು ಜನ, ಮಂಕಿ ಕ್ಯಾಪ್ ಹಾಕಿಕೊಂಡು, ಒಕ್ಕೊರಲಿನಿಂದ ಕಾ ಕಾ! ಇದು ನಮ್ಮ ದೇಶದ ಕ್ರಿಸ್‌ಮಸ್ ಹಾಡಿರಬೇಕೆಂದು ಅಲ್ಲಿಯವರು ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜಿಯಂತೂ ನಮ್ಮ ಪಕ್ಕ ನಿಂತು ತಾನೂ ಕೂಗಿದಳು.

ಆಗ ಬಂತು. ಬೆಂಚಿನ ತುದಿಯಲ್ಲಿ ಕುಳಿತು ಪಿಂಡವನ್ನೂ ನನ್ನನ್ನೂ ಸರದಿಯಂತೆ ನೋಡಿತು. ಮುಟ್ಟಲಿಲ್ಲ.

"ಏನಾದ್ರೂ ಮಾತು ಕೊಡಿ ರಾಯರೇ" ಎಂದರು ನಮ್ಮ ಬಸ್ಸಿನ ಪದ್ಮನಾಭನಗರದ ಆಂಟಿಯೊಬ್ಬರು. "ಮನಸ್ಸಲ್ಲಿ ಏನೋ ಉಳ್ಕೊಂಡಿರುತ್ತೆ. ಮಾತು ಕೊಟ್ರೆ ಮುಟ್ಟತ್ತೆ."

ಅಷ್ಟರಲ್ಲಿ ಹಿಮ ಬೀಳತೊಡಗಿತು. ಕಾಗೆಯ ಕಪ್ಪು ಬೆನ್ನಿನ ಮೇಲೆ ಒಂದೊಂದೇ ಬಿಳಿ ಚೂರು ಇಳಿಯಿತು. ನನಗೆ ದುಃಖ ತಡೆಯಲಾಗಲಿಲ್ಲ. ಜರ್ಮನರ ಎದುರಿಗೇ ಗಳಗಳನೆ ಅತ್ತೆ.

"ನೋಡೇ ವಸಂತ, ಹಿಮ" ಎಂದೆ. ಕಾಗೆ ಪಿಂಡದ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು! ಅಭ್ಯಾಸಬಲ, ಮುಂದುವರಿಸಿದೆ. "ತಪ್ಪಾಯ್ತು ಕಣೇ. ಮುಂದಿನ ವರ್ಷ ಎಲ್ಲಾ ಸರಿಯಾಗಿ ಮಾಡ್ತೀನಿ."

ಕಾಗೆ ಹಾರಿಹೋಯಿತು.

"ಭಾವ, ಅಕ್ಕನ ಹತ್ರ ಮತ್ತೆ ಅದೇ ಮಾತಾ?" ಎಂದು ನಾಗರಾಜ ತಲೆ ಚಚ್ಚಿಕೊಂಡ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಅವಳು ನೋಡಬೇಕಿದ್ದ ಹಿಮವನ್ನು ಹಸಿದ ಹೊಟ್ಟೆಯಲ್ಲಿ ನಾನೊಬ್ಬನೇ ನೋಡಿದೆ. ಪರದೇಶದ ಕಾಗೆ, ಕನ್ನಡ ಬಾರದ ಕಾಗೆ, ಅದು ಕೂಡ ನನ್ನ ಮಾತನ್ನು ಒಂದು ಗಳಿಗೆಯೂ ನಂಬಲಿಲ್ಲ. ಅವಳು ಇಪ್ಪತ್ತೆಂಟು ವರ್ಷ ನಂಬಿದ್ದಳು.