ಆರಿಸಿದರೂ ಆರದ ಕೆಂಪು ದೀಪ

ಟಿವಿ ಆಫ್ ಮಾಡಿದ ಮೇಲೂ ಅದರ ಮೂಲೆಯಲ್ಲಿ ಉರಿಯುವ ಸಾಸಿವೆ ಕಾಳಿನಷ್ಟು ಕೆಂಪು ದೀಪವೇ ಶ್ರೀನಿವಾಸಮೂರ್ತಿಯ ಗ್ರಹಚಾರಕ್ಕೆ ಮೂಲ. ಟಿವಿಯಾದರೂ ಅವನದ್ದೇ? ಅಲ್ಲ, ಮ್ಯಾನೇಜರ್ ಸ್ಟ್ಯಾನಿಯವರದ್ದು.

ತಂಗಿಯ ಮದುವೆಗೆಂದು ಹೆಂಡತಿ ಜೇನ್ ಜೊತೆ ಮಂಗಳೂರಿಗೆ ಹೊರಟಿದ್ದ ಸ್ಟ್ಯಾನಿ, ಗಲ್ಫಿನ ಅಲ್ ಗುಬ್ರಾದಲ್ಲಿದ್ದ ತಮ್ಮ ಫ್ಲಾಟಿನ ಕೀಲಿಯನ್ನು ಮೂರ್ತಿಯ ಕೈಗಿಟ್ಟಿದ್ದರು.

"ನೋಡಿ ಮೂರ್ತಿಯವರೇ, ರಿಮೋಟಲ್ಲಿ ಆಫ್ ಮಾಡಿದ್ರೆ ಆಫ್ ಆದ ಹಾಗಲ್ಲ. ಆ ಕೆಂಪು ಲೈಟು ಹಗಲು ರಾತ್ರಿ ಕರೆಂಟು ಕುಡೀತದೆ. ಹೊರಡುವ ಗಡಿಬಿಡಿಯಲ್ಲಿ ನನಗೆ ನೆನಪಿರುದಿಲ್ಲ. ರಜೆಯ ದಿನ ಹೋಗಿ ಎಲ್ಲ ಗೋಡೆ ಸ್ವಿಚ್ಚಲ್ಲೇ ಆಫ್ ಮಾಡಿ, ಫ್ರಿಜ್ ಒಂದು ಬಿಟ್ಟು. ನಿಮ್ಮ ಹೆಂಡತಿಯ ವೀಸಾದ ಪೇಪರಿಗೆ ಬಂದ ಮೇಲೆ ಸೈನ್ ಹಾಕುವ."

ಮೈಸೂರಿನಲ್ಲಿ ಕಾಂತಾಮಣಿ ಮದುವೆಯಾದಾಗಿನಿಂದ ಸೂಟ್‌ಕೇಸ್ ಕಟ್ಟಿಟ್ಟು ಕೂತಿದ್ದಳು. ಆ ಒಂದು ಸಹಿಗಾಗಿ, ಸೂರ್ಯನನ್ನೇ ಆಫ್ ಮಾಡು ಎಂದಿದ್ದರೂ ಮೂರ್ತಿ ಏಣಿ ಹುಡುಕುತ್ತಿದ್ದ.

ಗುರುವಾರ ರಜೆ. ಬೆಳಿಗ್ಗೆಯೇ ಹೋಗಿ ಟಿವಿ, ಡಿವಿಡಿ ಪ್ಲೇಯರ್, ಮ್ಯೂಸಿಕ್ ಸಿಸ್ಟಮ್, ಮೈಕ್ರೋವೇವ್ ಎಲ್ಲದರ ಸ್ವಿಚ್ಚನ್ನೂ ಹುಡುಕಿ ಹುಡುಕಿ ಆರಿಸಿದ. ಅಲ್ ಖುವೈರಿನ ರೂಮಿಗೆ ಬಂದು ಊಟಕ್ಕೆ ಕೂತಾಗ ಮೊಬೈಲ್ ಇಲ್ಲದ್ದು ತಿಳಿಯಿತು. ಸ್ವಿಚ್ಚು ಹುಡುಕುವಾಗ ಟಿವಿಯ ಹಿಂದೆ ಇಟ್ಟು ಮರೆತಿದ್ದ.

ಮತ್ತೆ ಹೋಗಿ ಬಾಗಿಲು ತೆರೆದವನು ಹೊಸ್ತಿಲಲ್ಲೇ ನಿಂತ. ಪರದೆ ಎಳೆದು ಕತ್ತಲಾಗಿದ್ದ ಹಾಲಿನಲ್ಲಿ ಕೆಂಪು ದೀಪಗಳೆಲ್ಲ ಉರಿಯುತ್ತಾ ಅವನನ್ನೇ ನೋಡುತ್ತಿದ್ದವು. ಮತ್ತೊಮ್ಮೆ ಎಲ್ಲ ಆರಿಸಿ, ಬಾಗಿಲು ಎಳೆದುಕೊಂಡು, ಎದ್ದೆನೋ ಬಿದ್ದೆನೋ ಎಂದು ಓಡಿದ. ಮೊಬೈಲ್ ಅಲ್ಲೇ ಉಳಿಯಿತು.

ರೂಮಿನ ಜೊತೆಗಾರ ಹೊನ್ನಪ್ಪ ಮಂಡ್ಯದವನು, ಕೇಳದಿದ್ದರೂ ಸಲಹೆ ಕೊಡುವವನು.

"ಕಳ್ಳ ಇರಬಹುದೇನೋ?" ಎಂದ ಮೂರ್ತಿ.

"ಕಳ್ಳ ಆದ್ರೆ ಟಿವಿ ಹೊತ್ಕೊಂಡು ಹೋಯ್ತಾನೆ ಕಣಯ್ಯ, ಸ್ವಿಚ್ ಹಾಕ್ಬುಟ್ಟು ಹೋಗಲ್ಲ. ಇದು ಜಿನ್ನೇ ಸೈ, ಅರಬ್ಬರ ದೆವ್ವ. ಈ ದೇಶದಲ್ಲಿ ಅವಕ್ಕೇನು ಬರವಾ?"

ಮೂರ್ತಿ ಊಟದ ತಟ್ಟೆ ಪಕ್ಕಕ್ಕಿಟ್ಟ. ಹೋಗದೆ ಇರುವ ಹಾಗೂ ಇಲ್ಲ. ಗುರುವಾರ ಸಂಜೆ ಕಾಂತಾಮಣಿಯ ಫೋನ್ ಬರುತ್ತದೆ, ಎತ್ತದಿದ್ದರೆ ಅವಳಿಗೆ ಉತ್ತರ ಹೇಳುವುದಕ್ಕಿಂತ ಜಿನ್ನೇ ವಾಸಿ. ಹೊನ್ನಪ್ಪ ಕಾರಿನಲ್ಲಿ ಕರೆದುಕೊಂಡು ಬಂದನೇ ಹೊರತು ಕೆಳಗಿಳಿಯಲಿಲ್ಲ. "ನಾನು ಎಂಜಿನ್ ಆಫ್ ಮಾಡಲ್ಲ. ನೀನು ಓಡಿ ಬಂದ್ರೆ ಸಾಕು" ಎಂದ.

ಮುಸ್ಸಂಜೆ. ಹನುಮಾನ್ ಚಾಲೀಸಾದ ಮೊದಲ ಸಾಲಿನಿಂದ ಮುಂದಕ್ಕೆ ಬಾಯಿಗೇ ಬರಲಿಲ್ಲ. ಒಳಗೆ ಕೆಂಪು ದೀಪಗಳು ಮತ್ತೆ ಉರಿಯುತ್ತಿದ್ದವು. ಭಯದಲ್ಲೂ ಸಹಿ ನೆನಪಾಗಿ ಎಲ್ಲವನ್ನೂ ಆರಿಸಿದ. ಟಿವಿಯ ಹಿಂದೆ ತಡವರಿಸಿದಾಗ ಮೊಬೈಲ್ ಸಿಕ್ಕಿತು. ಅಷ್ಟರಲ್ಲಿ ಮುಂಬಾಗಿಲಿನ ಬೀಗ ತಾನೇ ತಾನಾಗಿ ತಿರುಗಿತು.

ಮೂರ್ತಿ ಪರದೆಯ ಹಿಂದೆ ಸೇರಿಕೊಂಡ. ಬಿಳಿ ಆಕೃತಿಯೊಂದು ಏನನ್ನೋ ಗೊಣಗುತ್ತಾ ಗೋಡೆ ಸವರಿಕೊಂಡು ಬಂತು. ಮೈಕ್ರೋವೇವ್ ಬೆಳಗಿತು. ಮ್ಯೂಸಿಕ್ ಸಿಸ್ಟಮ್ ಬೆಳಗಿತು. ಆಕೃತಿ ಟಿವಿಯ ಬಳಿ ಬಗ್ಗಿದಾಗಲೇ ಕಾಂತಾಮಣಿಯ ಫೋನ್ ಬಂತು.

"ಅಯ್ಯೋ ಯೇಸುವೇ" ಎಂದು ಆಕೃತಿ ಸೋಫಾದ ಮೇಲೆ ಬಿತ್ತು. "ಅಮ್ಮಾ" ಎಂದು ಮೂರ್ತಿ ಪರದೆಯ ಸಮೇತ ಅದರ ಮೇಲೆ ಬಿದ್ದ.

ಲೈಟು ಹಾಕಿ ನೋಡಿದರೆ ಬಿಳಿ ಬನಿಯನ್, ಬಿಳಿ ಲುಂಗಿಯ ರೊನಾಲ್ಡ್. ಮೇಲಿನ ಮಹಡಿಯವನು, ಜೇನ್‌ಳ ದೂರದ ತಮ್ಮ. ಮೂರ್ತಿ ತನ್ನ ಕೀಲಿ ತೋರಿಸಿ ಸ್ವಿಚ್ಚಿನ ಕಥೆ ಹೇಳಿದ.

"ನನ್ನ ಹತ್ರವೂ ಕೀ ಉಂಟು ಮಾರಾಯ್ರೆ. ಜೇನಕ್ಕ ಕೊಟ್ಟದ್ದು. ಈ ಸೆಕೆಗೆ ಎಲ್ಲ ಆಫ್ ಮಾಡಿಟ್ರೆ ಒಳಗೆ ಬೂಷ್ಟು ಹಿಡೀತದೆ, ಆನ್‌ನಲ್ಲೇ ಇರ್ಲಿ, ಭಾವನಿಗೆ ಹೇಳ್ಬೇಡ ಅಂದಿದ್ರು. ನಾನು ಆನ್ ಮಾಡಿ ಹೋದ್ರೆ ಆಫ್, ಆನ್ ಮಾಡಿ ಹೋದ್ರೆ ಆಫ್. ಬೆಳಗ್ಗಿಂದ ನನ್ನ ಜೀವ ಕೈಯಲ್ಲಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರ್ತಿಗಂತೂ ಹೋದ ಜೀವ ಬಂದ ಹಾಗಾಯಿತು. ಕಣ್ಣೊರೆಸಿಕೊಳ್ಳುತ್ತಾ, "ಸರ್‌ಗೆ ಮಾತ್ರ ಇದು ಗೊತ್ತಾಗೋದು ಬೇಡ ಕಣ್ರೀ" ಎಂದ.

ರೊನಾಲ್ಡನ ನಗು ಅಲ್ಲಿಗೇ ನಿಂತಿತು.

"ಭಾವನಿಗೆ ನಾನು ಮಧ್ಯಾಹ್ನವೇ ಫೋನ್ ಮಾಡಿದೆ. ಮನೆಗೆ ಯಾರೋ ಹೊಕ್ಕಿದ್ದಾರೆ ಅಂತ. ನಿಮಗೆ ಫೋನ್ ಮಾಡಿದ್ರೆ ಎತ್ಲಿಲ್ಲವಂತೆ, ಸಂಜೆಯ ಫ್ಲೈಟ್ ಹತ್ತಿ ಆಯ್ತು ಅವರು."

"ಮತ್ತೆ ತಂಗಿ ಮದುವೆ?"

"ನಾಳೆ ಬೆಳಿಗ್ಗೆ."

ಮೊಬೈಲ್ ಮತ್ತೆ ಬಡಿದುಕೊಳ್ಳತೊಡಗಿತು. ಮೂರ್ತಿ ಎತ್ತಲಿಲ್ಲ. ಕಾಂತಾಮಣಿಯ ವೀಸಾಕ್ಕೆ ಸಹಿ ಹಾಕಬೇಕಾದ ಕೈ ಆಗ ಅರಬ್ಬೀ ಸಮುದ್ರದ ಮೇಲೆ ಹಾರಿ ಬರುತ್ತಿತ್ತು.