ರಾಹುಕಾಲದ ಬ್ಯಾಂಡು

ಮಹಡಿಯ ಮೇಲೆ ಒಂದು ಮೆಟಲ್ ಬ್ಯಾಂಡ್ ಇಟ್ಟುಕೊಂಡವನು ನಗೋ ವಿಷಯ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅವೇ ಮೆಟ್ಟಿಲು ಹತ್ತಿ ಬರುತ್ತವೆ, ಒಮ್ಮೊಮ್ಮೆ ಚಪ್ಪಲಿ ಕೂಡ ಬಿಡದೆ. ಯಡಿಯೂರು ಕೆರೆಯ ಸುತ್ತ ನನ್ನ ಜೊತೆ ವಾಕ್ ಮಾಡುವ ನಿವೃತ್ತರು ಬಿಪಿ, ಶುಗರ್, ಮಂಡಿನೋವು ಅಂತ ಮಾತಾಡುವಾಗ ನಾನು ಡ್ರಮ್ಮಿನ ಪೆಡಲ್ ಬಗ್ಗೆ ಮಾತಾಡುತ್ತೇನೆ. ಅವರು ಪಾಪ ಅದನ್ನೂ ಮಂಡಿಗೆ ಒಳ್ಳೆಯ ವ್ಯಾಯಾಮ ಅಂತಲೇ ತಿಳಿದು ತಲೆಯಾಡಿಸುತ್ತಾರೆ.

ಮೆಟಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗಿಟಾರು ಗರಗಸದ ಹಾಗೆ ಕೊಯ್ಯುತ್ತದೆ. ಡ್ರಮ್ಮು ಹಳೇ ಮನೆ ಕೆಡವುವವರ ಹಾಗೆ ಬಡಿಯುತ್ತದೆ. ಹಾಡುವವರು ಹಾಡುವುದಿಲ್ಲ, ಹೊಟ್ಟೆಯ ಆಳದಿಂದ ಗುಡುಗುತ್ತಾರೆ. ನಮ್ಮ ಬ್ಯಾಂಡಿನಲ್ಲಿ ಗುಡುಗುವವಳು ನನ್ನ ಮಗಳು. ಹಗಲಲ್ಲಿ ಅವಳು ಜಯನಗರ ನಾಲ್ಕನೇ ಬ್ಲಾಕಿನ ಒಂದು ಕ್ಲಿನಿಕ್ಕಿನಲ್ಲಿ ಹಲ್ಲಿನ ಡಾಕ್ಟರು. ಗಿಟಾರು ಬಾರಿಸುವವನು ಅಳಿಯ, ಔಷಧಿ ಕಂಪನಿಯಲ್ಲಿ ಕೆಲಸ, ವಾರದಲ್ಲಿ ಮೂರು ದಿನ ಊರೂರು ಸುತ್ತಾಟ. ಬಾಸ್ ಗಿಟಾರಿಗೆ ನನ್ನ ಹಳೆಯ ವಿದ್ಯಾರ್ಥಿ, ಈಗ ಅವನೇ ಲೆಕ್ಚರರು. ಡ್ರಮ್ಮಿಗೆ ಬಿಳೇಕಹಳ್ಳಿಯ ಟೈಲ್ಸ್ ಅಂಗಡಿಯವನು. ಅವರಪ್ಪ ರಾಗಿ ಬಿತ್ತುತ್ತಿದ್ದ ಜಾಗದಲ್ಲೇ ಈಗ ಅಂಗಡಿ ಇದೆ, ಅದರ ಮೇಲೆ ಮೂರು ಅಂತಸ್ತಿನ ಬಾಡಿಗೆ ಮನೆಗಳಿವೆ. ನಾನು? ನಾನು ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಬ್ಯಾಂಡಿನಲ್ಲಿ ಕೆಲಸವಿಲ್ಲದವನು ನಾನೊಬ್ಬನೇ ಆದ್ದರಿಂದ ಮ್ಯಾನೇಜರು.

೧. ಟೈಮ್‌ಟೇಬಲ್

ನಾಲ್ಕು ವರ್ಷವಾದರೂ ಈ ನಾಲ್ವರೂ ಒಟ್ಟಿಗೆ ಒಂದು ಸಲವೂ ಸ್ಟೇಜ್ ಹತ್ತಿರಲಿಲ್ಲ. ಮೊದಲ ಸಲ ಅವಕಾಶ ಬಂದಾಗ ಲೆಕ್ಚರರಿಗೆ ಮೌಲ್ಯಮಾಪನದ ಡ್ಯೂಟಿ ಬಿತ್ತು. ಎರಡನೇ ಸಲ ಡ್ರಮ್ಮರನ ಚಿಕ್ಕಪ್ಪನ ಮನೆಯಲ್ಲಿ ಮದುವೆ. ಮೂರನೇ ಸಲ ನನ್ನ ಮೊಮ್ಮಗಳಿಗೆ ಮೈತುಂಬ ಚಿಕನ್ ಪಾಕ್ಸ್. ಆ ಮೂರನೇ ಸಲದ ಮಾರನೇ ದಿನ ಮಗಳು ಮೈಕನ್ನು ಹಳೇ ಸೀರೆಯಲ್ಲಿ ಸುತ್ತುತ್ತಾ ಕೂತಿದ್ದಳು.

"ಅಪ್ಪಾ, ಈ ವರ್ಷ ಒಂದೇ ಒಂದು ಶೋ. ನಾಲ್ಕೂ ಜನ ಒಟ್ಟಿಗೆ. ಅದೂ ಆಗ್ಲಿಲ್ಲ ಅಂದ್ರೆ ಇದನ್ನ ಅಟ್ಟಕ್ಕೆ ಹಾಕ್ಬಿಡ್ತೀನಿ," ಅಂದಳು. ಅವಳು ಚಿಕ್ಕಂದಿನಲ್ಲಿ ವೀಣೆ ಬಿಟ್ಟಾಗಲೂ ಹೀಗೇ ತಣ್ಣಗೆ ಹೇಳಿದ್ದಳು, ಹೇಳಿದ ಹಾಗೇ ಬಿಟ್ಟಿದ್ದಳು.

ಇಪ್ಪತ್ತೆರಡು ವರ್ಷ ನಮ್ಮ ಕಾಲೇಜಿನ ಟೈಮ್‌ಟೇಬಲ್ ಹಾಕಿದವನು ನಾನು. ಒಂದೇ ಲ್ಯಾಬಿನಲ್ಲಿ ಆರು ಬ್ಯಾಚ್ ಹಿಡಿಸಿದವನಿಗೆ ನಾಲ್ಕು ಜನ ಯಾವ ಲೆಕ್ಕ? ಒಂದು ದೊಡ್ಡ ಹಾಳೆಗೆ ಗೆರೆ ಹಾಕಿ, ನಾಲ್ಕು ಬಣ್ಣದ ಪೆನ್ನಿನಲ್ಲಿ ನಾಲ್ವರ ಕೆಲಸದ ಹೊತ್ತನ್ನೂ ತುಂಬಿದೆ. ಕ್ಲಿನಿಕ್ಕು, ಟೂರು, ಕಾಲೇಜು, ಅಂಗಡಿ, ಮಗುವಿನ ಡ್ಯಾನ್ಸ್ ಕ್ಲಾಸು. ಉಳಿದಿದ್ದು ಭಾನುವಾರ. ಭಾನುವಾರವನ್ನು ನೆಂಟರು ತಿಂದಿದ್ದರು: ನಾಮಕರಣ, ಗೃಹಪ್ರವೇಶ, ನಿಶ್ಚಿತಾರ್ಥ, ಸುಮ್ಮನೆ ಬಂದುಹೋಗುವವರು. ಹಾಳೆಯಲ್ಲಿ ಸಾಸಿವೆ ಹಾಕುವಷ್ಟೂ ಜಾಗ ಇರಲಿಲ್ಲ. ಮೂರು ದಿನ ಅಳಿಸಿ ಬರೆದು ಸೋತು, ಪೆನ್ನು ಕೆಳಗಿಟ್ಟೆ.

ನನ್ನ ಹೆಂಡತಿ ಕಾಫಿ ತಂದವಳು ಹಾಳೆ ನೋಡಿದಳು, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. "ಭಾನುವಾರ ನಾಲ್ಕೂವರೆಯಿಂದ ಆರು ಖಾಲಿ ಇದೆಯಲ್ಲ. ರಾಹುಕಾಲ. ಯಾರೂ ಯಾವ ಮನೆಗೂ ಬರಲ್ಲ, ಯಾರೂ ಯಾವ ಕೆಲಸಾನೂ ಶುರು ಮಾಡಲ್ಲ," ಅಂದಳು.

ಹೌದಲ್ಲ! ಆ ಹೊತ್ತಿನಲ್ಲಿ ಹೆಣ್ಣು ನೋಡುವವರಿಲ್ಲ, ತೊಟ್ಟಿಲು ಕಟ್ಟುವವರಿಲ್ಲ, ಟೈಲ್ಸ್ ಆರ್ಡರ್ ಕೊಡುವವರೂ ಇಲ್ಲ. ದಕ್ಷಿಣ ಬೆಂಗಳೂರು ಒಂದೂವರೆ ಗಂಟೆ ಕೈಕಟ್ಟಿ ಕೂತಿರುತ್ತದೆ. ಆದರೆ ಅವಳದೊಂದು ಷರತ್ತಿತ್ತು. ರಾಹುಕಾಲದಲ್ಲಿ ಶುರು ಮಾಡಕೂಡದು. ಮೊದಲೇ ಶುರು ಮಾಡಿ ಆಮೇಲೆ ಮುಂದುವರಿಸಿದರೆ ದೋಷವಿಲ್ಲ. ಹಾಗಾಗಿ ಅಂದಿನಿಂದ ಪ್ರತಿ ಭಾನುವಾರ ನಾಲ್ಕು ಇಪ್ಪತ್ತೈದಕ್ಕೆ ಡ್ರಮ್ಮರ್ ನಮ್ಮ ಮಹಡಿಗೆ ಓಡಿ ಬಂದು, ಒಂದೇ ಒಂದು ಏಟು ಹಾಕಿ, ಕೆಳಗಿಳಿದು, ಕೂತು ಕಾಫಿ ಕುಡಿಯುತ್ತಾನೆ.

ಪಕ್ಕದ ಮನೆಯವರು ಆ ಏಟು ಕೇಳಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಾರೆ.

೨. ಒಳಗೆ ಯಾರಿದ್ದಾರೆ

ಗುಡುಗುವ ಗಂಟಲನ್ನು ದಿನಾ ಸಾಧನೆ ಮಾಡಬೇಕಂತೆ. ಮನೆಯಲ್ಲಿ ಮಗು ಮಲಗಿರುತ್ತದೆ, ಸ್ಕೂಟರಿನಲ್ಲಿ ಹೆಲ್ಮೆಟ್ ಒಳಗೆ ಗುಡುಗಿದರೆ ಸಿಗ್ನಲ್ಲಿನಲ್ಲಿ ಪಕ್ಕದವರು ಗಾಡಿ ಹಿಂದಕ್ಕೆ ತೆಗೆಯುತ್ತಾರೆ. ಹಾಗಾಗಿ ಮಗಳು ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ರೋಗಿಗಳಿಲ್ಲದಾಗ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸಾಧನೆ ಮಾಡುತ್ತಾಳೆ.

ಒಂದು ದಿನ ಟಿಫನ್ ಕ್ಯಾರಿಯರ್ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಪಾಯಿಂಟ್‌ಮೆಂಟಿಗಿಂತ ಅರ್ಧ ಗಂಟೆ ಮೊದಲೇ ಒಬ್ಬ ಆಸಾಮಿ ಬಂದು ಪಕ್ಕದಲ್ಲಿ ಕೂತ. ಆರಡಿ ಎತ್ತರ, ಪೈಲ್ವಾನನ ಮೈಕಟ್ಟು, ಕೆನ್ನೆ ಮಾತ್ರ ಬನ್ನಿನ ಹಾಗೆ ಊದಿತ್ತು. ಕೂತು ನಿಮಿಷವಾಗಿರಲಿಲ್ಲ, ಒಳಗಿನಿಂದ ಶುರುವಾಯಿತು. ಮೊದಲು ಸಣ್ಣ ಗುರುಗುಟ್ಟುವಿಕೆ, ಆಮೇಲೆ ಲಾರಿ ಘಾಟಿ ಹತ್ತುವ ಸದ್ದು, ಕೊನೆಗೆ ಬನ್ನೇರುಘಟ್ಟದ ಸಿಂಹಕ್ಕೆ ಊಟ ತಡವಾದರೆ ಬರುವಂಥದ್ದು.

ಆತ ನನ್ನ ಮೊಣಕೈ ಹಿಡಿದುಕೊಂಡ. "ಸಾರ್, ಒಳಗಿರೋರಿಗೆ ಹಲ್ಲು ಕೀಳ್ತಾ ಇದಾರಾ?"

ನಾನು ಮೇಷ್ಟ್ರು, ಸುಳ್ಳು ಹೇಳಿ ಅಭ್ಯಾಸವಿಲ್ಲ. ಆತನಿಗೆ ಧೈರ್ಯವಾಗಲಿ ಅಂತಲೇ ಹೇಳಿದೆ: "ಇಲ್ಲಪ್ಪ, ಒಳಗೆ ಪೇಷೆಂಟ್ ಯಾರೂ ಇಲ್ಲ. ಡಾಕ್ಟರ್ ಒಬ್ಬರೇ ಇರೋದು."

ಎದ್ದು ಹೋದವನು ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟಿದ್ದ. ಸಂಜೆ ಕ್ಲಿನಿಕ್ಕಿಗೆ ಫೋನ್ ಮಾಡಿ, ನೋವು ತಾನಾಗಿಯೇ ಪೂರ್ತಿ ಹೋಯಿತು, ಚಪ್ಪಲಿಯೂ ಬೇಡ ಅಂದನಂತೆ.

೩. ಬಡಿದು ನೋಡಿ ಕೊಡುವ ಅಂಗಡಿ

ಡ್ರಮ್ಮರನ ಕಷ್ಟ ಬೇರೆ. ಅವರಪ್ಪನಿಗೆ ಮಗ ಬ್ಯಾಂಡಿನಲ್ಲಿದ್ದಾನೆ ಅಂತ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಬ್ಯಾಂಡ್ ಅಂದರೆ ಮೆರವಣಿಗೆಯಲ್ಲಿ ಕೆಂಪು ಕೋಟು ಹಾಕಿಕೊಂಡು ಹೋಗುವವರು. ಅಂಗಡಿಯಲ್ಲಿ ಡ್ರಮ್ ಇಡುವ ಹಾಗಿಲ್ಲ, ಕೈ ಸುಮ್ಮನಿರುವುದಿಲ್ಲ. ಎರಡು ಪೆನ್ಸಿಲ್ ಹಿಡಿದು ಗಲ್ಲಾದ ಪಕ್ಕ ಜೋಡಿಸಿದ ಟೈಲ್ಸುಗಳ ಮೇಲೆ ದಿನವಿಡೀ ಸಾಧನೆ ಮಾಡುತ್ತಿದ್ದ.

ಗಾರೆ ಕೆಲಸದವರು ಟೈಲ್ಸನ್ನು ಬೆರಳಿನಿಂದ ಬಡಿದು ನೋಡಿ ತೆಗೆದುಕೊಳ್ಳುವುದು ವಾಡಿಕೆ, ಸದ್ದಿನಲ್ಲೇ ಬಿರುಕು ಗೊತ್ತಾಗುತ್ತದೆ. ಇಲ್ಲಿ ಅಂಗಡಿಯವನೇ ಒಂದೊಂದು ಟೈಲಿಗೂ ಮೂವತ್ತೆರಡು ಏಟು ಹಾಕಿ, ಕಣ್ಣು ಮುಚ್ಚಿ ಆಲಿಸಿ, ತಲೆಯಾಡಿಸಿ ಪಕ್ಕಕ್ಕಿಡುವುದನ್ನು ಮೇಸ್ತ್ರಿಗಳು ಕಂಡರು. ಬಿಟಿಎಂ ಲೇಔಟಿನಿಂದ ಜೆಪಿ ನಗರದವರೆಗೆ ಸುದ್ದಿ ಹಬ್ಬಿತು: ಬಿಳೇಕಹಳ್ಳಿಯಲ್ಲಿ ಒಬ್ಬ ಇದ್ದಾನೆ, ಬಡಿದು ನೋಡದೆ ಒಂದು ಟೈಲೂ ಹೊರಗೆ ಬಿಡಲ್ಲ. ಅಂಗಡಿಯ ಮುಂದೆ ಟೆಂಪೋಗಳ ಸಾಲು ನಿಂತಿತು.

ಅಪ್ಪನಿಗೆ ಹಿಗ್ಗು. ಮಗ ಭಾನುವಾರ ನಮ್ಮ ಮನೆಗೆ ಬರುವುದು ಗೊತ್ತಿತ್ತು, ಮೇಷ್ಟ್ರ ಮನೆ ಅಂತ ಬಿಟ್ಟಿದ್ದರು. ಒಂದು ದಿನ ಸೀಬೆಹಣ್ಣಿನ ಚೀಲ ಹಿಡಿದು ಬಂದೇಬಿಟ್ಟರು. ಅವನಿಗೆ ಏನು ಹೇಳಿಕೊಡುತ್ತೀರಿ ಅಂತ ಕೇಳಿದರು. ಮಹಡಿಯ ಮೇಲೆ ಡ್ರಮ್ ಇತ್ತು, ಕೆಳಗೆ ನಾನಿದ್ದೆ. ನನ್ನ ಹಳೆಯ ಸಿಲಬಸ್ಸೇ ಕೈಹಿಡಿಯಿತು. ಧ್ವನಿ ಮತ್ತು ಕಂಪನ ಅಂದೆ.

ಅವರು ಎರಡೂ ಕೈ ಮುಗಿದರು. "ಅದಕ್ಕೇ ಸಾರ್, ಟೈಲ್ಸ್ ವಿಷಯದಲ್ಲಿ ಹಿಂಗೆ ಮುಂದೆ ಬಂದ. ನಮ್ಮ ಚಿಕ್ಕ ಮಗನ್ನೂ ಕಳಿಸ್ಲಾ?"

೪. ಹಿತಕಿದ ಬೇಳೆ

ನನ್ನ ಹೆಂಡತಿಗೆ ಈ ಸಂಗೀತ ಹಿಡಿಸುತ್ತದೆಯೋ ಇಲ್ಲವೋ ಇವತ್ತಿಗೂ ಹೇಳಿಲ್ಲ. ಆದರೆ ಅವರೆಕಾಯಿ ಕಾಲದಲ್ಲಿ ಭಾನುವಾರ ನಾಲ್ಕೂವರೆಗೆ ನೆನೆಹಾಕಿದ ಕಾಳಿನ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾಳೆ. ಮೇಲೆ ಡ್ರಮ್ ಶುರುವಾದ ತಕ್ಷಣ ಕೈ ಓಡುತ್ತದೆ. ಏಟಿಗೊಂದು ಕಾಳು ಸಿಪ್ಪೆ ಬಿಟ್ಟು ಹಾರುತ್ತದೆ. ಒಂದು ಸಲ ಹುಡುಗರು ನಿಧಾನದ ಹಾಡೊಂದನ್ನು ಕಟ್ಟಿದರು, ದುಃಖದ್ದು, ಅಳಿಯ ಬಹಳ ಮನಸ್ಸಿಟ್ಟು ಮಾಡಿದ್ದು. ಎರಡು ಸಾಲು ಆಗಿತ್ತೋ ಇಲ್ಲವೋ, ಕೆಳಗಿನಿಂದ ಇವಳ ದನಿ ಬಂತು:

"ಹೀಗಾದ್ರೆ ಸಾರು ನಾಳೆಗೇ."

ಹಾಡನ್ನು ಅಲ್ಲೇ ವೇಗ ಮಾಡಿದರು. ಈಗ ಅದೇ ಅವರ ಅತ್ಯುತ್ತಮ ಹಾಡು.

೫. ಶುಭ ಗಳಿಗೆ

ಕೊನೆಗೂ ಶೋ ಬಂತು. ಜೆಪಿ ನಗರದ ಒಂದು ಸಣ್ಣ ಹಾಲಿನಲ್ಲಿ, ಭಾನುವಾರ, ಊರಿನ ಐದಾರು ಬ್ಯಾಂಡುಗಳು. ನಮ್ಮದು ಸಂಜೆ ಆರೂವರೆಗೆ. ಲೆಕ್ಚರರಿಗೆ ಪರೀಕ್ಷೆ ಇರಲಿಲ್ಲ, ಅಳಿಯನಿಗೆ ಟೂರ್ ಇರಲಿಲ್ಲ, ಮೊಮ್ಮಗಳ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಮಗಳು ಮೈಕನ್ನು ಸೀರೆಯಿಂದ ಬಿಚ್ಚಿದಳು.

ಗುರುವಾರ ಡ್ರಮ್ಮರ್ ಮುಖ ಸಣ್ಣಗೆ ಮಾಡಿಕೊಂಡು ಬಂದ. ಅಪ್ಪ ಹೆಣ್ಣು ನೋಡುವುದಕ್ಕೆ ಹೊತ್ತು ಗೊತ್ತು ಮಾಡಿದ್ದಾರೆ. ಬನಶಂಕರಿಯಲ್ಲಿ, ಅದೇ ಭಾನುವಾರ, ರಾಹುಕಾಲ ಕಳೆದು ಆರೂಕಾಲಿಗೆ. ಸಾಲದ್ದಕ್ಕೆ, ಹಿರಿಯರು ಅಂತ ನಾನೂ ಜೊತೆಗೆ ಹೋಗಬೇಕಂತೆ.

ಮಗಳು ಹೋಗಿ ಹಳೇ ಸೀರೆ ಎತ್ತಿಕೊಂಡಳು. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಕೂಗಾಡುವುದರಲ್ಲಿ ಅವಳಿಗೆ ಸಾಧನೆಯೂ ಇದೆ. ಆ ಸೀರೆ ಬಿಡಿಸುವುದನ್ನು ನೋಡಲಾಗಲಿಲ್ಲ.

ನಾನು ಒಳಗೆ ಹೋಗಿ ನನ್ನ ದೊಡ್ಡ ಹಾಳೆ ಬಿಡಿಸಿದೆ. ಉತ್ತರ ಅಲ್ಲೇ ಇತ್ತು. ಕಾರ್ಯಕ್ರಮದವರಿಗೆ ಫೋನ್ ಮಾಡಿ, ನಮ್ಮನ್ನು ನಾಲ್ಕೂವರೆಗೆ ಹಾಕಿ ಅಂದೆ. ಆ ಕಡೆಯವನಿಗೆ ನಂಬಿಕೆ ಬರಲಿಲ್ಲ. "ಅಂಕಲ್, ಎಲ್ರೂ ಲೇಟಾಗಿ ಹಾಕಿ ಅಂತಾರೆ. ನಾಲ್ಕೂವರೆಗೆ ಜನಾನೇ ಇರಲ್ಲ." ಇಲ್ಲದಿದ್ದರೂ ಪರವಾಗಿಲ್ಲಪ್ಪ, ಆ ಹೊತ್ತಿಗೆ ನೆಂಟರೂ ಇರುವುದಿಲ್ಲವಲ್ಲ, ಅಂದೆ.

ಭಾನುವಾರ ನಾಲ್ಕು ಇಪ್ಪತ್ತೈದಕ್ಕೆ ನನ್ನ ಹೆಂಡತಿ ಮೊದಲ ಸಾಲಿನಿಂದ ಕಣ್ಸನ್ನೆ ಮಾಡಿದಳು. ಡ್ರಮ್ಮರ್ ಒಂದು ಏಟು ಹಾಕಿದ. ಸೌಂಡಿನವನು ಎಲ್ಲಾ ಬಟನ್ ಒತ್ತಿ ರೆಡಿಯಾದ. ಡ್ರಮ್ಮರ್ ಎದ್ದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ. ಅದಾದ ಐದು ನಿಮಿಷಕ್ಕೆ, ನಾಲ್ಕು ವರ್ಷದಲ್ಲಿ ಮೊದಲ ಸಲ, ನಾಲ್ವರೂ ಒಂದೇ ಸ್ಟೇಜಿನ ಮೇಲೆ ನಿಂತಿದ್ದರು. ಮಗಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹಿಂದಕ್ಕೆ ತಿರುಗಿ ಡ್ರಮ್ಮರನ್ನೂ ನೋಡಿ ಎಣಿಸಿಕೊಂಡಳು. ಆಮೇಲೆ ಗುಡುಗಿದಳು ನೋಡಿ, ನನ್ನ ಕನ್ನಡಕ ಮಂಜಾಯಿತು. ಮೊಮ್ಮಗಳು ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು ಅಜ್ಜಿಯ ತೊಡೆಯ ಮೇಲೆ ಕುಣಿಯುತ್ತಿದ್ದಳು.

ಹಾಲಿನಲ್ಲಿ ಇಪ್ಪತ್ತು ಜನ ಇದ್ದರೆ ಹೆಚ್ಚು. ಅದರಲ್ಲೊಬ್ಬಳು ಹುಡುಗಿ, ಕಪ್ಪು ಟೀ ಶರ್ಟು, ಸ್ಟೇಜಿಗೆ ಒತ್ತಿಕೊಂಡು ನಿಂತು, ಕೂದಲು ಬಿಚ್ಚಿ ಕತ್ತನ್ನು ಹಿಂದೆಮುಂದೆ ಬೀಸುತ್ತಿದ್ದ ವೇಗಕ್ಕೆ ಮೊದಲ ಸಾಲಿನವರಿಗೆಲ್ಲ ಗಾಳಿ ಬರುತ್ತಿತ್ತು. ಮುಗಿದ ಮೇಲೆ ನೇರ ಡ್ರಮ್ಮರನ ಹತ್ತಿರ ಬಂದಳು.

"ಸಖತ್ತಾಗಿತ್ತು ಗುರು. ಎರಡನೇ ಹಾಡಲ್ಲಿ ಮಾತ್ರ ಸ್ವಲ್ಪ ಓಡ್ಬಿಟ್ರಿ."

ಇನ್ನೊಂದು ಬ್ಯಾಂಡ್ ಕೇಳಿ ಹೋಗಿ ಅಂದೆ. ಆಗಲ್ಲ ಅಂಕಲ್, ಮನೆಗೆ ಯಾರೋ ಬರ್ತಾ ಇದಾರೆ, ರಾಹುಕಾಲ ಮುಗಿಯೋವರೆಗೂ ನಂಗೆ ಬಿಡುವು, ಬ್ಯೂಟಿ ಪಾರ್ಲರಿಗೆ ಅಂತ ಹೇಳಿ ಬಂದಿದೀನಿ, ಅಂದವಳೇ ಆಟೋ ಹತ್ತಿದಳು.

ಡ್ರಮ್ಮರ್ ಕಾರಿನಲ್ಲೇ ಶರ್ಟು ಬದಲಾಯಿಸಿದ. ಬನಶಂಕರಿಯ ಆ ಮನೆಯಲ್ಲಿ ಅವರಪ್ಪ ಅಮ್ಮ ಆಗಲೇ ಬಂದು ಬಾಗಿಲ ಹೊರಗೆ ಗಡಿಯಾರ ನೋಡುತ್ತಾ ನಿಂತಿದ್ದರು. ಸರಿಯಾಗಿ ಆರೂಕಾಲಿಗೆ ಬಲಗಾಲಿಟ್ಟು ಒಳಗೆ ಹೋದೆವು. ಕೇಸರಿಬಾತು ಬಂತು. ಆಮೇಲೆ ರೇಷ್ಮೆ ಸೀರೆ ಉಟ್ಟು, ಮುಡಿತುಂಬ ಮಲ್ಲಿಗೆ ಮುಡಿದು, ಕಾಫಿ ತಟ್ಟೆ ಹಿಡಿದು ಹುಡುಗಿ ಬಂದಳು.

ಡ್ರಮ್ಮರನ ಕೈಯಲ್ಲಿದ್ದ ಚಮಚ ತಟ್ಟೆಯ ಮೇಲೆ ತಾನಾಗಿಯೇ ಬಾರಿಸತೊಡಗಿತು. ನಾನು ಕೇಸರಿಬಾತನ್ನು ಅಗಿಯದೆ ನುಂಗಿದೆ. ಹುಡುಗಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ತಟ್ಟೆ ಮಾತ್ರ ಅಲುಗಲಿಲ್ಲ. ಆದರೆ ಕತ್ತು ಒಂದು ಕಡೆ ವಾಲಿತ್ತು. ಪಕ್ಕಕ್ಕೆ ನೋಡಬೇಕಾದರೆ ಪೂರ್ತಿ ಮೈಯೇ ತಿರುಗಬೇಕಿತ್ತು.

ಹುಡುಗಿಯ ಅಮ್ಮ ಸಂಕೋಚಪಟ್ಟುಕೊಂಡರು. "ತಪ್ಪು ತಿಳ್ಕೋಬೇಡಿ, ಮಧ್ಯಾಹ್ನದವರೆಗೂ ಚೆನ್ನಾಗೇ ಇದ್ಳು. ಪಾರ್ಲರಿಗೆ ಹೋಗಿ ಬಂದ್ಳು ನೋಡಿ, ಅವರೇನು ಮಾಡಿದ್ರೋ, ಕತ್ತು ಹಿಡ್ಕೊಂಡಿದೆ."

ಹುಡುಗ ಹುಡುಗಿ ಬಾಲ್ಕನಿಯಲ್ಲಿ ಮಾತಾಡಿಕೊಂಡು ಬರಲಿ ಅಂದರು. ಒಂದು ನಿಮಿಷಕ್ಕೆ ಇಬ್ಬರೂ ವಾಪಸ್ಸು ಬಂದರು, ಇಬ್ಬರದೂ ಒಪ್ಪಿಗೆ. ಇಷ್ಟು ಬೇಗ ಏನು ಮಾತಾಡಿದಿರಿ ಅಂತ ಅವನನ್ನು ಮೆಲ್ಲಗೆ ಕೇಳಿದೆ. "ಪ್ರಾಕ್ಟೀಸ್ ಎಷ್ಟೊತ್ತಿಗೆ ಅಂತ ಕೇಳಿದ್ಲು ಸಾರ್," ಅಂದ.

ಮಗಳಿಗೆ ಫೋನ್ ಮಾಡಿ ಸುದ್ದಿ ಹೇಳೋಣ ಅಂತ ಎದ್ದೆ. ಡ್ರಮ್ಮರನ ಅಪ್ಪ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. ಕಣ್ಣಲ್ಲಿ ನೀರಿತ್ತು.

"ನೋಡಿದ್ರಾ ಸಾರ್, ಗಳಿಗೆ ಅಂದ್ರೆ ಇದು. ಒಂದು ಗಂಟೆ ಮುಂಚೆ, ಆ ರಾಹುಕಾಲದಲ್ಲಿ ಇವರಿಬ್ರೂ ಮುಖ ನೋಡ್ಕೊಂಡಿದ್ರೆ ಈ ಸಂಬಂಧ ಕೂಡ್ತಿತ್ತಾ?"