ಹನ್ನೆರಡನೇ ಪುಟದಲ್ಲಿ ನೀಲಾಂಬಿಕೆ

ನೀಲಾಂಬಿಕೆ ಹನ್ನೆರಡನೇ ಪುಟಕ್ಕೆ ಬಂದು, ಅದರ ಮೂಲೆ ಮಡಚಿಟ್ಟು ನಾಲ್ಕು ದಿನವಾಗಿತ್ತು. ಆ ಪುಟದಲ್ಲಿ ಪದ್ಮಾವತಿ ಎಂಬ ಹೊಸ ಮದುವಣಗಿತ್ತಿ ಗಂಡನ ಮನೆ ಮುಂದೆ ಗಾಡಿಯಿಂದ ಇಳಿಯುತ್ತಿದ್ದಳು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಗಾಡಿಯಲ್ಲಿ. ನಾಲ್ಕು ದಿನದಿಂದ ಹಾಗೇ ನಿಂತಿದ್ದಳು. ಇನ್ನೂ ಇನ್ನೂರು ಪುಟ ಬಾಕಿ. ಓದುವ ಕೂಟಕ್ಕೆ ಆರು ಗಂಟೆ ಬಾಕಿ.

ಕೂಟ ಮನೆಯ ಹೆಂಗಸರದೇ. ಹಾಸನದಲ್ಲಿ ನೀಲಾಂಬಿಕೆ ಮತ್ತು ಅವಳ ಅತ್ತೆ ಸಿದ್ದಗಂಗಮ್ಮ, ಚನ್ನರಾಯಪಟ್ಟಣದಲ್ಲಿ ನಾದಿನಿ ಶಾಂಭವಿ, ಹೊಳೆನರಸೀಪುರದಲ್ಲಿ ಓರಗಿತ್ತಿ ದಾಕ್ಷಾಯಿಣಿ, ಅರಕಲಗೂಡಿಗೆ ಮದುವೆಯಾಗಿ ಹೋದ ದಾಕ್ಷಾಯಿಣಿಯ ಮಗಳು ಮಾನ್ಯ. ಐದು ಜನಕ್ಕೆ ಒಂದೇ ಪುಸ್ತಕ. ಮೊದಲು ಅತ್ತೆ ಓದುತ್ತಿದ್ದರು. ಆಮೇಲೆ ಪುಸ್ತಕ ಬಟ್ಟೆ ಚೀಲ ಸೇರಿ, ಬಸ್ ಕಂಡಕ್ಟರ್ ಕೆಂಪಣ್ಣನ ಕೈಯಲ್ಲಿ ಊರೂರು ಸುತ್ತುತ್ತಿತ್ತು. ಜೊತೆಗೆ ಕೊಬ್ಬರಿ, ಉಪ್ಪಿನಕಾಯಿ, ಯಾರದೋ ಹೊಲಿಗೆಗೆ ಕೊಟ್ಟ ರವಿಕೆ. ಯಾರ ಮನೆಯಲ್ಲಿ ಕೂಟವೋ ಅವರ ಕೈಗೆ ಕೊನೆಯಲ್ಲಿ ಬರುತ್ತಿತ್ತು.

ಓದದೆ ಬಂದವರು ಕೂಟದಲ್ಲಿ ಕೂರುವಂತಿಲ್ಲ. ಅಡುಗೆಮನೆಯಲ್ಲಿ ನಿಂತು ಉಳಿದವರಿಗೆ ಬಡಿಸಬೇಕು, ಮುಂದಿನ ಮೂರು ಕೂಟಕ್ಕೂ. ದಾಕ್ಷಾಯಿಣಿ ಎರಡು ಸಲ ಓದದೆ ಬಂದಳೆಂದು ಈ ಕಟ್ಟಳೆ ತಂದವಳು ನೀಲಾಂಬಿಕೆಯೇ. ಆಮೇಲಿನ ಹನ್ನೊಂದು ತಿಂಗಳಲ್ಲಿ ಓದದವರು ಒಬ್ಬರೂ ಸಿಕ್ಕಿರಲಿಲ್ಲ. ಆ ಹನ್ನೊಂದು ಮಧ್ಯಾಹ್ನ ಅವಳು ಗೋಡೆಗೊರಗಿ, ಕಾಲು ಚಾಚಿ, ಬಿಸಿ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿದಿದ್ದಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅಷ್ಟು ಹೊತ್ತು ಯಾರೂ ಅವಳನ್ನು ಸಾರಿಗೆ ಏನು ಎಂದು ಕೇಳದೆ ಇದ್ದದ್ದು ಅಲ್ಲಿ ಮಾತ್ರ. ಅದು ಕೈತಪ್ಪುವುದು ಅವಳಿಗೆ ಬೇಕಿರಲಿಲ್ಲ.

ಈ ಸಲ ಹಾಸನದ ಸರದಿ. ಪುಸ್ತಕ ಬಂದ ದಿನ ಅವಳು ಪರದೆ ಒಗೆದಳು. ಮಾರನೆಯ ದಿನ ನಿಪ್ಪಟ್ಟು, ಅದರ ಮಾರನೆಯ ದಿನ ಕೋಡುಬಳೆ, ನಿನ್ನೆ ಹೋಳಿಗೆಯ ಹೂರಣ. ಪುಸ್ತಕದ ಬಗ್ಗೆ ಮಾತಾಡಲು ಬರುವವರಿಗಾಗಿ ಇಷ್ಟೆಲ್ಲ ಮಾಡುವಾಗ ಓದಲು ಬಿಡುವಾಗದಿದ್ದದ್ದು ಅವಳಿಗೆ ಇವತ್ತು ಬೆಳಗ್ಗೆಯೇ ಹೊಳೆದದ್ದು.

ಮೊದಲು ದಾಕ್ಷಾಯಿಣಿಗೆ ಫೋನ್ ಮಾಡಿ, ಕತೆಯಲ್ಲಿ ಯಾವ ಭಾಗ ಇಷ್ಟವಾಯಿತೆಂದು ಸುಮ್ಮನೆ ಎಂಬಂತೆ ಕೇಳಿದಳು. "ಎಲ್ಲಾನೂವೇ ಅಕ್ಕ. ಅದ್ರಲ್ಲೂ ಕೊನೆ" ಎಂದಳು ದಾಕ್ಷಾಯಿಣಿ. ಮಾನ್ಯಳನ್ನು ಕೇಳಿದರೆ, ಈಗಲೇ ಹೇಳಿಬಿಟ್ಟರೆ ಕೂಟದಲ್ಲಿ ಮಜಾ ಇರುವುದಿಲ್ಲ ದೊಡ್ಡಮ್ಮ ಎಂದು ಫೋನಿಟ್ಟಳು.

ಪಕ್ಕದ ಮನೆಯ ನಾಗಲಕ್ಷ್ಮಿ ಹೂರಣದ ವಾಸನೆ ಹಿಡಿದು ಬಂದಳು. ಪುಸ್ತಕವನ್ನು ಕೈಗೆತ್ತಿಕೊಂಡು, ಬೆನ್ನಿನ ಮೇಲಿದ್ದ ಎರಡು ಸಾಲು ಓದಿ, ಮುಂದೇನಾಗುತ್ತದೆಂದು ಮುಕ್ಕಾಲು ಗಂಟೆ ಹೇಳಿದಳು. ಅವಳ ಪ್ರಕಾರ ಗಂಡನಿಗೆ ಮೈಸೂರಿನಲ್ಲಿ ಇನ್ನೊಂದು ಸಂಸಾರವಿತ್ತು. ಪುಸ್ತಕದಲ್ಲಿ ಹಾಗಿದೆಯೇ ಎಂದು ನೀಲಾಂಬಿಕೆ ಆಸೆಯಿಂದ ಕೇಳಿದ್ದಕ್ಕೆ, ಪುಸ್ತಕದ್ದು ಗೊತ್ತಿಲ್ಲ, ತನ್ನ ಭಾವಮೈದುನನದು ಹಾಗೇ ಆಗಿತ್ತು ಎಂದಳು.

ಕೊನೆಗೆ ನೀಲಾಂಬಿಕೆ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿದಳು. ಅನುಮಾನ ಬಾರದಿರಲೆಂದು ನಲ್ಲಿ ಬಿಟ್ಟಳು. ಬಿಸಿನೀರಿನ ಹಬೆಗೆ ಕನ್ನಡಕ ಮಂಜಾಯಿತು. ಒರೆಸಿದರೆ ಮತ್ತೆ ಮಂಜು. ಇಪ್ಪತ್ತು ನಿಮಿಷದಲ್ಲಿ ಪದ್ಮಾವತಿ ಎರಡನೇ ಕಾಲನ್ನು ನೆಲಕ್ಕಿಟ್ಟಳು. ಅಷ್ಟರಲ್ಲಿ ನಲ್ಲಿ ಗೊರಗೊರ ಎಂದು ನಿಂತಿತು. ಹೊರಗಿನಿಂದ ಗಂಡ ಷಡಕ್ಷರಿ, ಮುಖಕ್ಕೆ ಸೋಪು ಹಚ್ಚಿದ್ದೀನಿ, ನೀರು ಬರ್ತಿಲ್ಲ ಎಂದು ಕೂಗಿದ. ಮೋಟರ್ ಹಾಕೋಣವೆಂದರೆ ಕರೆಂಟು ಇರಲಿಲ್ಲ. ಮುಂದಿನ ಎರಡು ಗಂಟೆ ಅವಳು ನಾಗಲಕ್ಷ್ಮಿಯ ಮನೆಯಿಂದ ಕೊಡದಲ್ಲಿ ನೀರು ಹೊತ್ತಳು. ಸ್ನಾನಕ್ಕೆಂದು ಹೋಗಿ ಟ್ಯಾಂಕು ಖಾಲಿ ಮಾಡಿ ಒಣಗಿದ ಮೈಯಲ್ಲಿ ಬಂದವಳನ್ನು ಅತ್ತೆ ಅಡಿಯಿಂದ ಮುಡಿವರೆಗೆ ನೋಡಿದರು.

ಎರಡು ಗಂಟೆಗೆ ಎಲ್ಲರೂ ಬಂದು ಉಂಡು, ನಡುಮನೆಯ ಜಮಖಾನದ ಮೇಲೆ ಕೂತರು. ಮಣೆಯ ಮೇಲೆ ಪುಸ್ತಕ ಇಟ್ಟಿದ್ದರು. ನೀಲಾಂಬಿಕೆ ಬಾಯಿ ಬಿಡದೆ ಇರುವುದೆಂದು ನಿಶ್ಚಯಿಸಿದ್ದಳು. ಶಾಂಭವಿ ಭಾಷೆ ಸೊಗಸಾಗಿದೆ ಎಂದಳು. ದಾಕ್ಷಾಯಿಣಿ ಅದಕ್ಕೆ ತಲೆಯಾಡಿಸಿ, ಅಕ್ಷರವೂ ದಪ್ಪವಾಗಿದೆ ಎಂದಳು. ಮಾನ್ಯ ಇಬ್ಬರ ಮಾತನ್ನೂ ಒಪ್ಪಿದಳು.

ಆಗ ಅತ್ತೆ ಕನ್ನಡಕ ಏರಿಸಿದರು. "ನೀಲಾ, ಪದ್ಮಾವತಿ ಕೊನೇಲಿ ಬಾಗ್ಲು ಹಾಕ್ಕೊಂಡು ಒಳಗೆ ಕೂತ್ಕೊಂಡ್ಲಲ್ಲ, ಅದ್ಯಾಕೆ?"

ನೀಲಾಂಬಿಕೆಗೆ ಪದ್ಮಾವತಿ ಗಾಡಿ ಇಳಿದದ್ದಷ್ಟೇ ಗೊತ್ತು. ಆದರೆ ಬಾಗಿಲು ಹಾಕಿಕೊಳ್ಳುವುದು ಗೊತ್ತಿತ್ತು.

"ಸಿಟ್ಟಿಗಲ್ಲ ಅತ್ತೆ" ಎಂದಳು. "ಅವ್ಳಿಗೆ ಯಾರ ಮೇಲೂ ಸಿಟ್ಟಿರ್ಲಿಲ್ಲ. ಒಂದರ್ಧ ಗಂಟೆ ಯಾರೂ ಏನೂ ಕೇಳ್ದೆ ಇದ್ರೆ, ತನ್ನೊಳಗೆ ಇನ್ನೂ ಯಾರಾದ್ರೂ ಇದಾರಾ ಅಂತ ನೋಡ್ಕೋಬೇಕಿತ್ತು. ಬಾಗ್ಲು ತಟ್ಟಿದ್ರೆ ತೆಗೀಬಾರ್ದು ಅಂತಾನೇ ಕೂತ್ಲು. ಆದ್ರೂ ಒಲೆ ಮೇಲಿನ ಹಾಲಿನ ಕಡೆ ಒಂದು ಕಿವಿ ಇತ್ತು."

ಶಾಂಭವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ಓದಿದ ರಾತ್ರಿ ತನಗೆ ನಿದ್ದೆಯೇ ಹತ್ತಲಿಲ್ಲ ಎಂದಳು ದಾಕ್ಷಾಯಿಣಿ. ತಾನು ಆ ಪುಟವನ್ನು ಮೂರು ಸಲ ಓದಿದೆ ಎಂದಳು ಮಾನ್ಯ. ನೀಲಾಂಬಿಕೆ ಗೋಡೆಗೊರಗಿ ಮೆಲ್ಲಗೆ ಕಾಲು ಚಾಚಿದಳು.

ಅತ್ತೆ ಪುಸ್ತಕ ತೆಗೆದು ಒಂದು ಕಡೆ ಬಿಡಿಸಲು ನೋಡಿದರು. ಎರಡು ಪುಟ ಅಂಟಿಕೊಂಡಿದ್ದವು. ಉಗುರಿನಿಂದ ಮೆಲ್ಲಗೆ ಬಿಡಿಸಿದರು. ನಡುವೆ ಒಣಗಿದ ಕಣಗಿಲೆ ಹೂವೊಂದು ಎರಡೂ ಪುಟಕ್ಕೆ ಮೆತ್ತಿಕೊಂಡಿತ್ತು.

"ಪದ್ಮಾವತಿ ಅರವತ್ತೊಂದನೇ ಪುಟದಲ್ಲೇ ಜ್ವರ ಬಂದು ಸತ್ತೋದ್ಲು ಕಣ್ರವ್ವ. ಪಾಪ ಅನ್ನಿಸ್ತು, ನಾನೇ ಈ ಹೂವ ಇಟ್ಟೆ. ಮೂರು ಊರು ಸುತ್ಕಂಡು ಬಂದದೆ, ಇಟ್ಟಂಗೇ ಅದೆ. ಬಸ್ಸಿಂದ ಬಂದ ದಿನಾನೇ ನೋಡ್ದೆ. ಇವ್ಳಾದ್ರೂ ಬಿಡುಸ್ತಾಳೆ ಅಂತ ಇವತ್ತಿನವರೆಗೂ ಕಾದೆ."

ನೀಲಾಂಬಿಕೆ ಚಾಚಿದ್ದ ಕಾಲನ್ನು ಮಡಚಿಕೊಂಡಳು. ಕಟ್ಟಳೆ ಅಂದರೆ ಕಟ್ಟಳೆ, ನಾಲ್ವರೂ ಅಡುಗೆಮನೆಗೆ ನಡೆಯಿರಿ ಎಂದರು ಅತ್ತೆ. ಆಮೇಲೆ ನೋಡಿದರೆ ಶಾಂಭವಿಗೆ ಮಂಡಿನೋವು, ಮಾನ್ಯಳಿಗೆ ಐದು ತಿಂಗಳು, ದಾಕ್ಷಾಯಿಣಿಗೆ ನಾಲ್ಕೂವರೆಯ ಬಸ್ಸು. ಎದ್ದವಳು ನೀಲಾಂಬಿಕೆ ಒಬ್ಬಳೇ.

ಕಾಫಿ ಲೋಟಗಳನ್ನು ಹಿಡಿದು ಬಂದಾಗ ಅತ್ತೆ ಅವಳನ್ನು ತಡೆದರು. ಅವರ ದನಿ ಎಂದಿಗಿಂತ ಮೆತ್ತಗಿತ್ತು.

"ನೀನು ಹೇಳಿದ್ದು ಪುಸ್ತಕದಲ್ಲಿ ಇಲ್ಲ. ಆದ್ರೆ ಪುಸ್ತಕಕ್ಕಿಂತ ಚೆನ್ನಾಗಿತ್ತು. ಮುಂದಿನ ತಿಂಗ್ಳು ಪುಸ್ತಕ ಬ್ಯಾಡ. ನೀನೇ ಒಂದು ಬರ್ದು ಓದು. ಹೆಂಗೂ ಬಡಿಸೋದು ನಿಂದೇ ಅಲ್ವಾ, ಕೂಟಾನೂ ಇಲ್ಲೇ ಇರ್ಲಿ, ಮೂರು ತಿಂಗ್ಳೂವೆ."

ಎಲ್ಲರೂ ಒಪ್ಪಿದರು. ಇಷ್ಟು ಬೇಗ ಒಮ್ಮತ ಬಂದದ್ದು ಕೂಟದ ಇತಿಹಾಸದಲ್ಲೇ ಮೊದಲು.

ದಾಕ್ಷಾಯಿಣಿ ಬ್ಯಾಗು ಹೆಗಲಿಗೇರಿಸಿ, ನಿಪ್ಪಟ್ಟಿನ ಪೊಟ್ಟಣ ಅದರೊಳಗೆ ತುರುಕಿ, ಪುಸ್ತಕದಲ್ಲಿ ಹನ್ನೆರಡನೇ ಪುಟದ ಮಡಚಿದ ಮೂಲೆಯನ್ನು ಬೆರಳಿನಿಂದ ಬಿಡಿಸಿ ನೋಡಿ, ಬಾಗಿಲ ಬಳಿ ಒಂದು ಕ್ಷಣ ನಿಂತಳು.

"ಅಕ್ಕ, ಬರೆಯೋದು ಹನ್ನೆರಡು ಪುಟದೊಳಗೇ ಮುಗಿಸ್ಬುಡಿ" ಎಂದಳು. "ಓಳಿಗೆಗೂ ಟೈಮ್ ಬೇಕಲ್ಲ ನಿಮಗೆ."